ಹಲಗೆ ಎತ್ತುವ ಸರದಿ

ಸ್ವತಂತ್ರ ಎಂದರೆ ಯಾರ ಕಟ್ಟುಪಾಡೂ ಇಲ್ಲದೆ ಮನಸ್ಸಿಗೆ ಬಂದಂತೆ ಇರುವುದು ಎಂದು ಮೊನ್ನೆ ಮದುವೆಮನೆಯಲ್ಲಿ ಒಬ್ಬ ಹುಡುಗ ವಾದಿಸಿದ. ನನಗೆ ಒಪ್ಪಿಗೆಯಾಗಲಿಲ್ಲ. ಕುಮಟಾ ಕಡೆಯ ನನ್ನ ಅಜ್ಜನ ಗಜನಿ ನೆನಪಾಯಿತು.

ಗಜನಿ ಎಂದರೆ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ಹತ್ತುವ ತಗ್ಗು ಗದ್ದೆ. ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ, ಅಂದರೆ ಉಪ್ಪು ತಾಳುವ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಎಲ್ಲವೂ ನಿಂತಿರುವುದು ಒಡ್ಡಿನ ಹಲಗೆ ಬಾಗಿಲ ಮೇಲೆ. ಭತ್ತ ಇರುವಾಗ ಭರತಕ್ಕೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು, ದಿನಕ್ಕೆರಡು ಸಲ. ಅಮಾವಾಸ್ಯೆಯ ರಾತ್ರಿ ಅಜ್ಜ ಕಂದೀಲು ಹಿಡಿದು ಹೋಗುತ್ತಿದ್ದ. ಹಲಗೆಗಳ ಸಂದಿಗೆ ಕೆಸರು ಮೆತ್ತಿ, ಅಂಗೈಯಿಂದ ಒತ್ತಿ, ನೀರು ಜಿನುಗುವುದು ನಿಂತಿತೇ ಎಂದು ಕಿವಿಗೊಟ್ಟು ಕೇಳುತ್ತಿದ್ದ. ಸರದಿ ತಪ್ಪಿದರೆ ಊರ ಕೂಟದಲ್ಲಿ ದಂಡ. ಒಂದು ವರ್ಷ ತಲೆ ತಗ್ಗಿಸಿ ದಂಡ ಕೊಟ್ಟ. ಮರುವರ್ಷ ಅದೇ ಕೂಟದಲ್ಲಿ ಕುಳಿತು ಇನ್ನೊಬ್ಬನಿಗೆ ದಂಡ ಹಾಕಿದ. ತನ್ನನ್ನು ತಾನೇ ಅಷ್ಟು ಬಿಗಿಯಾಗಿ ಕಟ್ಟಿಕೊಂಡವನನ್ನು ನಾನು ಸ್ವತಂತ್ರ ಎಂದೇ ಕರೆಯುತ್ತೇನೆ.

1970ರ ದಶಕದಲ್ಲಿ ಸರಕಾರ ಉಪ್ಪುನೀರು ತಡೆಯಲು ಖಾರ್‌ಲ್ಯಾಂಡ್ ಒಡ್ಡು ಕಟ್ಟಿತು. ಮಣ್ಣಿನದಕ್ಕಿಂತ ಕಲ್ಲಿನದು ಗಟ್ಟಿ, ಅನುಮಾನವಿಲ್ಲ. ಆದರೆ ಒಡ್ಡು ಬಿರಿದಾಗ ಬುಟ್ಟಿ ಹಿಡಿದು ಇಳಿಯುತ್ತಿದ್ದ ನಮ್ಮವರು ಅರ್ಜಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಆಮೇಲೆ ಸಿಗಡಿಯ ಗುತ್ತಿಗೆದಾರರು ಬಂದರು, ಬಾಗಿಲು ಅವರ ಲೆಕ್ಕಕ್ಕೆ ತೆರೆಯಿತು. ನಮ್ಮ ಗದ್ದೆಗೆ ಉಪ್ಪುನೀರು ಯಾವಾಗ ಬರಬೇಕೆಂದು ಇನ್ನೊಬ್ಬರನ್ನು ಕೇಳುವಂತಾಯಿತು. ಯಾರೂ ಗದರಲಿಲ್ಲ, ಯಾರೂ ದಂಡ ಹಾಕಲಿಲ್ಲ, ಯಾರ ನಿದ್ದೆಯೂ ಕೆಡಲಿಲ್ಲ. ಗದ್ದೆ ಮಾತ್ರ ಕೈಬಿಟ್ಟಿತ್ತು.

ಇದೇ ತಾಲ್ಲೂಕಿನ ಹಳಕಾರದವರು ಬ್ರಿಟಿಷರ ಕಾಲದಿಂದಲೂ ಗ್ರಾಮ ಅರಣ್ಯ ಪಂಚಾಯತಿ ನಡೆಸಿ, ತಮ್ಮ ಕಾಡನ್ನು ತಾವೇ ಕಾಯ್ದವರು; ವಿಸರ್ಜಿಸಲು ಆದೇಶ ಬಂದಾಗ ಕೋರ್ಟಿಗೂ ಹೋದವರು. ಅವರ ಹಟದ ಮೇಲೆ ನನಗೆ ಗೌರವವಿದೆ. ನಮ್ಮೂರಿಗೆ ಆ ಹಟ ಇರಲಿಲ್ಲ.

ಅಜ್ಜನ ಕಾಲವೇ ಚಿನ್ನ ಎನ್ನಲಾರೆ. ಒಡ್ಡಿಗೆ ಕೆಸರು ಹೊತ್ತವಳು, ಕಗ್ಗದ ಬೀಜಕ್ಕೆ ಮೊಳಕೆ ಬರಿಸಿದವಳು ಅಜ್ಜಿ. ಕೂಟದಲ್ಲಿ ಅವಳಿಗೆ ಜಾಗವಿರಲಿಲ್ಲ. ಊರು ತನ್ನನ್ನು ತಾನೇ ಆಳಿಕೊಂಡಾಗಲೂ ಅವಳನ್ನು ಬೇರೆಯವರೇ ಆಳಿದರು. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಈಗ ನಮ್ಮೂರಿನಲ್ಲಿ ಮತ್ತೆ ಕಗ್ಗ ಬಿತ್ತುವ ಮಾತು ನಡೆದಿದೆ. ಮೊದಲ ಸಭೆಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಹಲಗೆ ಎತ್ತುವ ಸರದಿಯ ಪಟ್ಟಿಯಲ್ಲಿ ಅವಳ ಹೆಸರು ಇರಬೇಕು, ದಂಡ ಗೊತ್ತುಮಾಡುವವರ ಪಟ್ಟಿಯಲ್ಲೂ.