ಟಿಕೆಟ್ಟಿನ ಬೆನ್ನ ಮೇಲಿನ ಬಾಕಿ

ಆಫೀಸಿನ ಟೂರು ಮುಗಿಸಿ ಹುಬ್ಬಳ್ಳಿಯಿಂದ ಕಾರವಾರದ ಬಸ್ಸು ಹತ್ತಿದವರ ಕಿಸೆಯಲ್ಲಿ ದುಡ್ಡಿಲ್ಲವೆಂದಲ್ಲ. ಇರುತ್ತದೆ, ಐನೂರರ ನೋಟಾಗಿ ಇರುತ್ತದೆ. ಕಂಡಕ್ಟರ್ ಅದನ್ನು ನೋಡುವ ನೋಟಕ್ಕೆ, ಮುದ್ರಿಸಿದವರು ನಾವೇ ಇರಬೇಕು ಅನ್ನಿಸಿಬಿಡುತ್ತದೆ.

ಸ್ಕ್ಯಾನ್ ಮಾಡುವುದಾದರೆ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿರುವಾಗಲೇ ಮಾಡಿ ಮುಗಿಸಿ. ಇಡಗುಂದಿ ದಾಟಿ, ಅರಬೈಲ್ ಘಟ್ಟದ ತಿರುವಿನಲ್ಲಿ ಪಿನ್ ಒತ್ತಿದರೆ ಖಾತೆಯಿಂದ ಹೋಗಿರುತ್ತದೆ, ಕಂಡಕ್ಟರಿಗೆ ಬಂದಿರುವುದಿಲ್ಲ. ಇನ್ನೊಮ್ಮೆ ಒತ್ತಬೇಡಿ, ಎರಡು ಸಲ ಕಟ್ಟಾದೀತು. ಅಂಗಡಿ, ಬಸ್ಸಿನಂಥ ಪಾವತಿ ಹೀಗೆ ನಡುವೆ ಸಿಕ್ಕಿಬಿದ್ದರೆ ಐದು ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2019ರಲ್ಲೇ ಹೇಳಿದೆ. ಆ ಸುತ್ತೋಲೆಯನ್ನು ಓಡುವ ಬಸ್ಸಿನಲ್ಲಿ ಕಂಡಕ್ಟರಿಗೆ ಓದಿ ಹೇಳುವ ಧೈರ್ಯ ಯಾರಿಗಿದೆ? ಸಣ್ಣ ಮೊತ್ತಕ್ಕೆಂದೇ ಇರುವ ಯುಪಿಐ ಲೈಟ್ ಪಿನ್ ಕೇಳುವುದಿಲ್ಲ, ನೆಟ್ ಮಾತ್ರ ಕೇಳುತ್ತದೆ. ಫೋನಿನಲ್ಲಿ *99# ಒತ್ತಿ ದುಡ್ಡು ಕಳಿಸುವುದಕ್ಕೆ ನೆಟ್ ಬೇಡ, ಸಿಗ್ನಲ್ಲಿನ ಒಂದು ಕಡ್ಡಿಯಾದರೂ ಬೇಕು. ಅರಬೈಲಿನಲ್ಲಿ ಆ ಕಡ್ಡಿಗೂ ಬರ.

ಕೊನೆಗೆ ಐನೂರರ ನೋಟೇ ಗತಿ. ಆಗ ಶುರುವಾಗುತ್ತದೆ ಕಿವಿಯ ಮೇಲಿಂದ ಪೆನ್ನು ತೆಗೆಯುವ ಆ ಶಾಸ್ತ್ರ. ಟಿಕೆಟ್ ತಿರುಗಿಸಿ, ಟಿಕೆಟ್ ಯಂತ್ರದ ಮೇಲೇ ಇಟ್ಟುಕೊಂಡು, ‘260’ ಅಂತ ಗೀಚಿ, ಸುತ್ತ ಒಂದು ವೃತ್ತ ಎಳೆದು, “ಇಳಿವಾಗ ತಗೊಳ್ರಿ”. ಅಲ್ಲಿಂದಾಚೆ ಘಟ್ಟದ ಹಸಿರು ಯಾರಿಗೆ ಕಾಣಬೇಕು? ಕಣ್ಣೆಲ್ಲ ಆ ಚರ್ಮದ ಚೀಲದ ಮೇಲೆ. ನಿದ್ದೆ ಬರುವ ಹಾಗಿಲ್ಲ, ಕಂಡಕ್ಟರ್ ಚಹಾಕ್ಕೆ ಇಳಿದರೆ ನಾವೂ ಇಳಿಯಬೇಕು. ಕಾರವಾರದ ತನಕ ಕಾಯಬೇಡಿ. ಅಂಕೋಲೆಯಲ್ಲಿ ಸಣ್ಣ ದೂರದವರು ಹತ್ತುತ್ತಾರೆ, ಹತ್ತು ಇಪ್ಪತ್ತರ ನೋಟು ಚೀಲಕ್ಕೆ ಬೀಳುತ್ತದೆ. ಅಮದಳ್ಳಿ ಬರುವುದರೊಳಗೆ ಕೇಳಿಬಿಡಿ.

ಇದಕ್ಕಿಂತ ಸುಲಭದ ಉಪಾಯ, ಹೊರಡುವ ಮೊದಲು ಎಟಿಎಮ್ಮಿನಲ್ಲಿ 2000 ಒತ್ತದೆ 1900 ಒತ್ತುವುದು. ಯಂತ್ರದಲ್ಲಿ ಸಣ್ಣ ನೋಟಿದ್ದರೆ ನಾಲ್ಕು ನೂರಾದರೂ ಚಿಲ್ಲರೆಯಾಗಿ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಒಂದು ಕಾಲದಲ್ಲಿ ಸ್ಟ್ಯಾಂಡಿನೆದುರಿನ ಚಹಾದಂಗಡಿಯವರು “ಮುಂದಿನ ಸಲ ಬಂದಾಗ ಕೊಡಿ ಮಾರಾಯ್ರೆ” ಅನ್ನುತ್ತಿದ್ದರು. ಆ ಮುಂದಿನ ಸಲದ ಮೇಲೆ ಇಬ್ಬರಿಗೂ ನಂಬಿಕೆಯಿತ್ತು. ಈಗ ದುಡ್ಡು ಬಂತೆಂದು ಯುಪಿಐ ಡಬ್ಬಿ ಕೂಗದೆ ಲೋಟ ಮುಂದೆ ಬರುವುದಿಲ್ಲ.

ಊರು ಮುಟ್ಟಿದರೂ ಲೆಕ್ಕ ಮುಗಿಯುವುದಿಲ್ಲ. ಆಫೀಸಿನ ಟಿಎ, ಅಂದರೆ ಪ್ರಯಾಣ ಭತ್ಯೆಯ ಬಿಲ್ಲಿಗೆ ಟಿಕೆಟ್ ಬೇಕು. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಮೇಲೆ ಶಾಯಿಯೇ ಇಲ್ಲ. ಕರಾವಳಿಯ ಬೆವರು, ಕಿಸೆಯ ಬಿಸಿ ತಾಗಿ ದಿನಾಂಕ, ದರ ಎಲ್ಲ ಮಾಯ. ಬೆನ್ನ ಮೇಲಿನ ಬಾಲ್‌ಪೆನ್ನಿನ 260 ಮಾತ್ರ ಶಿಲಾಶಾಸನ. ಅಕೌಂಟ್ಸಿನವರು ಕನ್ನಡಕ ಏರಿಸಿ ಕೇಳುತ್ತಾರೆ, “ಇದು ನಾವು ನಿಮಗೆ ಕೊಡಬೇಕಾದ್ದೋ, ನೀವು ನಮಗೋ?”

ಸೀಟಿನಲ್ಲಿ ಕೂತ ತಕ್ಷಣ ಟಿಕೆಟ್ಟಿನ ಫೋಟೋ ತೆಗೆದಿಡಿ. ಬೆನ್ನಿನದಲ್ಲ, ಮುಖದ್ದು.