ಪುಸ್ತಕದ ಬದನೆಕಾಯಿ, ರೋಮಿನ ಕೋಸು

ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ಹುಡುಗ ವಕೀಲನಾಗಬೇಕಾದರೆ ಮೊದಲು ಕಡಲ್ಗಳ್ಳರ ವಿಷಯ ಚೆನ್ನಾಗಿ ತಿಳಿದಿರಬೇಕಿತ್ತು. ಬೇಲಿ ಜಗಳ, ಸಾಲದ ಪತ್ರ, ಪಕ್ಕದ ಮನೆಯ ಸೂರಿನ ನೀರು ನಮ್ಮ ಅಂಗಳಕ್ಕೆ ಬೀಳುವ ತಕರಾರು, ಇವೆಲ್ಲ ಕೋರ್ಟಿಗೆ ಹೋದಮೇಲೆ ನೋಡಿಕೊಂಡರಾಯಿತು.

ಯಾಕೆಂದರೆ ಭಾಷಣ ಕಲಿಸುವ ಶಾಲೆಗಳಲ್ಲಿ ಹುಡುಗರು ವಾದ ಮಾಡಿ ಪಳಗುತ್ತಿದ್ದದ್ದು ಕಟ್ಟುಕಥೆಯ ಕೇಸುಗಳ ಮೇಲೆ. ಅವನ್ನು ಹಿರಿಯ ಸೆನೆಕ (ತತ್ವಜ್ಞಾನಿ ಸೆನೆಕನ ಅಪ್ಪ) ಮುಪ್ಪಿನಲ್ಲಿ ನೆನಪಿನಿಂದ ಬರೆದಿಟ್ಟಿದ್ದಾನೆ. ಒಂದು ಕೇಳಿ. ಹುಡುಗನನ್ನು ಕಡಲ್ಗಳ್ಳರು ಹಿಡಿದರು. ಅಪ್ಪ ದುಡ್ಡು ಕೊಟ್ಟು ಬಿಡಿಸಲಿಲ್ಲ. ಕಳ್ಳರ ನಾಯಕನ ಮಗಳು, ‘ಮದುವೆಯಾಗ್ತೀನಿ ಅಂತ ಆಣೆ ಮಾಡು, ಬಿಡಿಸ್ತೀನಿ’ ಅಂದಳು. ಆಣೆ ಆಯ್ತು, ಬಿಡುಗಡೆ ಆಯ್ತು, ಮದುವೆಯೂ ಆಯ್ತು. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಆಸ್ತಿವಂತ ಅನಾಥ ಹುಡುಗಿಯೊಬ್ಬಳು ಬಿದ್ದಳು. ‘ಅವಳನ್ನು ಬಿಡು, ಇವಳನ್ನು ಕಟ್ಟಿಕೋ.’ ಮಗ ಒಪ್ಪಲಿಲ್ಲ. ಅಪ್ಪ, ‘ನೀನು ನನ್ನ ಮಗನೇ ಅಲ್ಲ’ ಅಂದುಬಿಟ್ಟ. ಈಗ ವಾದ ಮಾಡಿ, ಮಕ್ಕಳೇ!

ಮಕ್ಕಳು ಮಾಡಿದರು, ತಲೆಮಾರುಗಟ್ಟಲೆ. ಆಮೇಲೆ 3ನೇ ಶತಮಾನದ ಕೊನೆಗೆ ಚಕ್ರವರ್ತಿ ಡಯೊಕ್ಲೀಷಿಯನ್ ಕಡೆಯಿಂದ ಉತ್ತರ ಬಂತು: ಮಗನನ್ನು ಹೀಗೆ ಕಳಚಿಕೊಳ್ಳುವುದು ಗ್ರೀಕರ ಪದ್ಧತಿ, ರೋಮಿನ ಕಾನೂನು ಒಪ್ಪುವುದಿಲ್ಲ.

ನಿರಂಕುಶ ದೊರೆಯನ್ನು ಕೊಂದವನಿಗೆ ಬಹುಮಾನ ಅನ್ನುವುದು ಇನ್ನೊಂದು ಶಾಲಾ ಕಾನೂನು. ತರಗತಿಯಲ್ಲಿ ದಿನಾ ದೊರೆ ಸಾಯುತ್ತಿದ್ದ. ಅದೇ ಭಾಷಣದ ಕೋಸನ್ನು ಮತ್ತೆ ಮತ್ತೆ ಬಿಸಿ ಮಾಡಿ ಬಡಿಸಿದರೆ ಮೇಷ್ಟ್ರೂ ಸಾಯ್ತಾರೆ ಅಂತ ಕವಿ ಜುವೆನಲ್ ಗೊಣಗಿದ್ದಾನೆ. ನಾವು ಪುಸ್ತಕದ ಬದನೆಕಾಯಿ ಅಂತೀವಿ. ತರಕಾರಿ ಬೇರೆ, ರುಚಿ ಒಂದೇ. ಈ ಭಾಷಣವನ್ನು ಮನಸ್ಸಿಟ್ಟು ಕೇಳಿದವನು ಅಂದರೆ ಚಕ್ರವರ್ತಿ ಕಲಿಗುಲ. ಕರಿನಾಸ್ ಸೆಕುಂಡಸ್ ಅನ್ನುವವನು ಸುಮ್ನೆ ಅಭ್ಯಾಸಕ್ಕೆ ಅಂತ ದೊರೆಗಳನ್ನು ಬೈದಿದ್ದಕ್ಕೆ ಅವನನ್ನು ಗಡಿಪಾರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಭಾಷಣದ ಮೇಷ್ಟ್ರು ಪೋರ್ಸಿಯಸ್ ಲಾಟ್ರೋ ಶಾಲೆಯಲ್ಲಿ ಹುಲಿ. ಸ್ಪೇನಿನಲ್ಲಿ ನೆಂಟನ ಪರ ನಿಜವಾದ ಕೇಸಿಗೆ ನಿಂತಾಗ ಮೊದಲ ವಾಕ್ಯದಲ್ಲೇ ವ್ಯಾಕರಣ ತಪ್ಪಿತು. ಬಯಲಲ್ಲಿ ಮಾತು ಹೊರಡುತ್ತಿಲ್ಲ, ಗೋಡೆ ಸೂರು ಇರುವ ಕಡೆ ನಡೆಯಿರಿ ಅಂತ ಇಡೀ ವಿಚಾರಣೆಯನ್ನೇ ಒಳಗೆ ಸಾಗಿಸಿದ.

ಇನ್ನೊಬ್ಬ ಭಾಷಣದ ಮೇಷ್ಟ್ರು ಆಲ್ಬುಸಿಯಸ್ ಸೈಲಸ್‌ನ ಪಾಡು ಇನ್ನೂ ಚೆಂದ. ಅವನು ವಾದಕ್ಕೆ ನಿಂತಿದ್ದು ನೂರ್ವರ ಕೋರ್ಟಿನಲ್ಲಿ. (ರೋಮಿನ 35 ಕುಲಗಳಿಂದ ಮೂರು ಮೂರು ಜನ ತೀರ್ಪುಗಾರರು, ಒಟ್ಟು 105. ಹೆಸರು ಮಾತ್ರ ನೂರ್ವರು.) ಎದುರು ಪಕ್ಷದವನು ಹೆತ್ತವರಿಗೆ ದ್ರೋಹ ಮಾಡಿದ್ದಾನೆ ಅಂತ ತೋರಿಸಬೇಕಿತ್ತು. ಆಲ್ಬುಸಿಯಸ್‌ಗೆ ಹುರುಪು ಬಂತು. ‘ಆಣೆ ಮಾಡಿ ಮುಗಿಸೋಣವೇ? ಮಾಡು! ಆಣೆಯ ಮಾತು ನಾನು ಹೇಳಿಕೊಡ್ತೀನಿ. ಮಣ್ಣು ಕಾಣದ ನಿನ್ನಪ್ಪನ ಬೂದಿಯ ಮೇಲೆ ಆಣೆ ಮಾಡು!’ ಶಾಲೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಎದುರು ವಕೀಲ ಅರುಂಟಿಯಸ್ ಎದ್ದು ನಿಂತ. ‘ಒಪ್ಪಿದ್ದೀವಿ. ನಮ್ಮ ಕಕ್ಷಿದಾರ ಆಣೆ ಮಾಡ್ತಾನೆ.’

‘ಅಯ್ಯೋ, ಅದು ಷರತ್ತಲ್ಲ, ಮಾತಿನ ಅಲಂಕಾರ!’ ಅಂತ ಆಲ್ಬುಸಿಯಸ್ ಕೂಗಿಕೊಂಡ. ಕೋರ್ಟಿಗೆ ಮನೆಗೆ ಹೋಗುವ ಅವಸರ. ‘ಹೀಗಾದರೆ ಲೋಕದಲ್ಲಿ ಅಲಂಕಾರಗಳೇ ಉಳಿಯಲ್ಲ’ ಅಂದ ಆಲ್ಬುಸಿಯಸ್. ‘ಹೋಗಲಿ ಬಿಡಿ, ಅವಿಲ್ಲದೆಯೂ ಬದುಕಬಹುದು’ ಅಂದ ಅರುಂಟಿಯಸ್. ಕಕ್ಷಿದಾರ ಆಣೆ ಮಾಡಿದ, ಕೇಸು ಗೆದ್ದ.

ಆಲ್ಬುಸಿಯಸ್ ಮತ್ತೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಯಾಕೆ ಹೋಗಬೇಕು, ಕೋರ್ಟಿಗಿಂತ ಜಾಸ್ತಿ ಜನ ಮನೆಗೇ ಬಂದು ಕೇಳ್ತಾರೆ ಅನ್ನುತ್ತಿದ್ದ. ಬೇಕಾದಾಗ ಮಾತಾಡ್ತೀನಿ, ಬೇಕಾದಷ್ಟು ಹೊತ್ತು, ಬೇಕಾದ ಪಕ್ಷದ ಪರ. ಅರುಂಟಿಯಸ್‌ಗೆ ಮಾತ್ರ ಅಲ್ಲಿ ಕುರ್ಚಿ ಇರಲಿಲ್ಲ.