ಹೆದ್ದಾರಿಯಿಂದ ನೀರು ತರುವವಳು

ನಮ್ಮ ಹಳೆ ಮನೆಯ ಚಿತ್ರ ಕೊನೆಗೂ ಬಂತು. ಹಂಚು, ಜಗಲಿ, ತುಳಸಿಕಟ್ಟೆ ಎಲ್ಲ ಸರಿ ಇದೆ. ಆದರೆ ಅಂಗಳದಲ್ಲಿ ಒಬ್ಬಳು ಹೆಂಗಸು ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ನಡೆದು ಬರುತ್ತಿದ್ದಾಳೆ. ಅವಳನ್ನು ಬರೆಯಲು ನಾನು ಹೇಳಿಲ್ಲ. ಅವಳು ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನೆ ಸಂಜೆಯಿಂದ ಅವಳನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿದೆ.

ನಮ್ಮ ಕಾಸರಗೋಡು ಕಡೆ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಯ್ತಲ್ವಾ, ಅದರಲ್ಲಿ ನಮ್ಮ ಮನೆಯೂ ಹೋಯಿತು. ಪರಿಹಾರ ಬಂತು, ಒಳಗೆ ಸರಿದು ಹೊಸ ಮನೆ ಕಟ್ಟಿದೆವು. ಹಾಲ್‌ನ ದೊಡ್ಡ ಗೋಡೆ ಖಾಲಿ ಇತ್ತು. ಹಳೆ ಮನೆಯ ಒಂದು ಚಿತ್ರ ಮಾಡಿಸುವ ಅಂತ ಹೊರಟೆ. ನಮ್ಮ ಕಡೆ ಚಿತ್ರ ಬರೆಯುವವರು ಅಂದರೆ ನನಗೆ ಹೈಸ್ಕೂಲಿನಲ್ಲಿ ಕಲಿಸಿದ ಡ್ರಾಯಿಂಗ್ ಮಾಷ್ಟ್ರು. ನಿವೃತ್ತಿ ಆದ ಮೇಲೆ ಆರ್ಡರ್ ತೆಗೆದುಕೊಳ್ಳುತ್ತಾರೆ. ಚದರ ಇಂಚಿಗೆ ಇಷ್ಟು ಅಂತ ರೇಟು, ಅರ್ಧ ಮುಂಗಡ. ಕಲಿಸಿದವರ ಹತ್ತಿರ ಚೌಕಾಸಿ ಮಾಡುವುದು ಹೇಗೆ? ದುಡ್ಡು ಕೊಡುವವರೂ ನಾವು, ಬೈಸಿಕೊಳ್ಳುವವರೂ ನಾವೇ.

ಮೊದಲ ತೊಂದರೆ ಫೋಟೋದ್ದು. ಮನೆ ಇದ್ದಷ್ಟು ಕಾಲ ಮನೆಯ ಫೋಟೋ ಯಾರು ತೆಗೆಯುತ್ತಾರೆ? ಇದ್ದದ್ದು ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋ. ಅದರಲ್ಲಿ ಮನೆಗಿಂತ ನೆಂಟರೇ ಜಾಸ್ತಿ. ಮಾಷ್ಟ್ರು ಕನ್ನಡಕ ಏರಿಸಿ ಕೇಳಿದರು, "ಈ ಅಜ್ಜನ ತಲೆಯ ಹಿಂದೆ ಏನಿತ್ತು ಮಾರಾಯ?" ನಾನು ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದೆ. ಕಿಟಕಿ ಅಂದರು ಅಪ್ಪ. ಕಿಟಕಿ ಅಲ್ಲ, ಛತ್ರಿ ನೇತುಹಾಕುವ ಗೂಟ ಅಂದರು ಮುಂಬೈಯ ದೊಡ್ಡಪ್ಪ. ಜಗಲಿಗೆ ಕಂಬ ಮೂರೋ ನಾಲ್ಕೋ ಅಂತ ವಾಯ್ಸ್ ಮೆಸೇಜಿನಲ್ಲೇ ಜಗಳ ಆಗಿ, ದೊಡ್ಡಪ್ಪ ಗ್ರೂಪಿನಿಂದ ಹೊರಗೆ ಹೋದರು. ಈಗ ಪುನಃ ಸೇರಿಸಿದ್ದೇವೆ.

ಆಮೇಲೆ ಮಳೆಗಾಲ ಬಂತು. ಕೇಳಿದಾಗಲೆಲ್ಲ "ಒಣಗಿಲ್ಲ" ಅನ್ನುವುದೊಂದೇ ಉತ್ತರ. ಅಕ್ರಿಲಿಕ್ ಆದರೆ ನೀರು ಆರಿದ ಕೂಡಲೇ ಮುಗಿಯಿತಂತೆ. ಎಣ್ಣೆ ಬಣ್ಣದಲ್ಲಿರುವ ಅಗಸೆ ಎಣ್ಣೆ ಆರಿ ಹೋಗುವುದಿಲ್ಲವಂತೆ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದಂತೆ. ಇದನ್ನು ನಾನು ಅಮ್ಮನಿಗೆ ವಿವರಿಸಿದೆ. "ಅಡಿಕೆಯೇ ನಲ್ವತ್ತು ಬಿಸಿಲಿಗೆ ಒಣಗುತ್ತದೆ, ಇದೆಂಥದ್ದು ಇವರದ್ದು?" ಅಂದರು ಅಮ್ಮ. ನಾನೂ ಒಮ್ಮೆ ಧೈರ್ಯ ಮಾಡಿ, ಸ್ವಲ್ಪ ಬೇಗ ಆಗಬಹುದಾ ಅಂತ ಕೇಳಿದೆ. ಮಾಷ್ಟ್ರಿಗೆ ಸಿಟ್ಟು ಬಂತು. "ರವಿವರ್ಮ ಬರೋಡಾ ಮಹಾರಾಜರ ಅರಮನೆಗೆ 14 ಚಿತ್ರ ಬರೆಯಲು ಎರಡು ವರ್ಷ ತೆಗೆದುಕೊಂಡ. ಮಹಾರಾಜರೇ ಕಾದರು. ನಿನಗೇನು ಅರ್ಜೆಂಟು?" ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಚಿತ್ರಕ್ಕೆ ಎರಡು ತಿಂಗಳೂ ಆಗುವುದಿಲ್ಲ! ಮಹಾರಾಜರು ನನಗಿಂತ ಕಡಿಮೆ ಕಾದಿದ್ದಾರೆ.

ಇಷ್ಟೆಲ್ಲ ಆಗಿ ಬಂದ ಚಿತ್ರದಲ್ಲಿ ಈ ಹೆಂಗಸು. ಅವಳನ್ನು ನಾನು ಮೊದಲೇ ನೋಡಿದ್ದೇನೆ. ಮಾಷ್ಟ್ರು ಬರೆದ ಶಾಲೆಯ ಗೋಡೆಯಲ್ಲಿ ಇದ್ದಾಳೆ. ಪೇಟೆಯ ಸ್ಟುಡಿಯೋದ ಹಿಂದಿನ ಪರದೆಯಲ್ಲಿ ಇದ್ದಾಳೆ. ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವಾಗ ಆ ಪರದೆ ಸರಿಸಿ ಬಿಳಿ ಬಟ್ಟೆ ಹಾಕಿದ್ದರಿಂದ ಬಚಾವಾದೆ. ಅದೇ ಕೆಂಪು ಸೀರೆ, ಅದೇ ಸೊಂಟ, ಅದೇ ಓರೆ ನೋಟ. ಮಾಷ್ಟ್ರಿಗೆ ವಯಸ್ಸಾಯಿತು, ಅವಳಿಗೆ ಆಗಲಿಲ್ಲ.

ನಮ್ಮ ಬಾವಿ ಇದ್ದದ್ದು ಅಡುಗೆಮನೆಗೆ ತಾಗಿ. ಒಳಗೆ ನಿಂತೇ ಹಗ್ಗ ಎಳೆದು ನೀರು ಸೇದುತ್ತಿದ್ದರು. ಕೊಡಪಾನ ಅಂಗಳಕ್ಕೆ ಬರುವ ಪ್ರಶ್ನೆಯೇ ಇಲ್ಲ. ಚಿತ್ರದಲ್ಲಿ ಇವಳು ಗೇಟಿನ ಕಡೆಯಿಂದ ಬರುತ್ತಿದ್ದಾಳೆ. ಗೇಟಿನಾಚೆ ಇದ್ದದ್ದು ಹೆದ್ದಾರಿ. ಅಂದರೆ ಇವಳು ಟ್ಯಾಂಕರ್ ಲಾರಿಗಳ ನಡುವಿನಿಂದ ನೀರು ತುಂಬಿಸಿಕೊಂಡು ಬರುತ್ತಿದ್ದಾಳೆ. ಸೀರೆ ಮಾತ್ರ ಒದ್ದೆಯಾಗಿಲ್ಲ.

ಮಾಷ್ಟ್ರಿಗೆ ಫೋನ್ ಮಾಡಿದೆ.

"ಸರ್, ಆ ಹೆಂಗಸು..."

"ಚಂದ ಬಂದಿದ್ದಾಳೆ ಅಲ್ವಾ?"

"ಅವಳು ಬೇಡ ಇತ್ತು ಸರ್."

"ಮನುಷ್ಯರು ಇಲ್ಲದಿದ್ದರೆ ಮನೆ ಎಷ್ಟು ಎತ್ತರ ಅಂತ ನೋಡುವವರಿಗೆ ಗೊತ್ತಾಗುವುದು ಹೇಗೆ? ನಿನಗೆ ಪರ್ಸ್‌ಪೆಕ್ಟಿವ್ ಆಗಲೂ ತಲೆಗೆ ಹೋಗಿರಲಿಲ್ಲ."

ಫೋನ್ ಇಟ್ಟು ಸ್ಕೇಲ್ ಹಿಡಿದೆ. ಹೆಂಗಸು ಮೂರು ಇಂಚು, ಬಾಗಿಲು ಎರಡೂವರೆ. ಹತ್ತಿರ ಇರುವವರು ದೊಡ್ಡದಾಗಿ ಕಾಣುತ್ತಾರೆ, ಒಪ್ಪುವ. ಆದರೆ ಇವಳು ಇರುವುದು ಜಗಲಿಯ ಮೆಟ್ಟಿಲ ಬುಡದಲ್ಲಿ. ಹಳೆ ಬಾಗಿಲು ಗಿಡ್ಡವೇ, ಆದರೂ ಕೊಡಪಾನ ಸಮೇತ ಇವಳು ಒಳಗೆ ಹೋಗಬೇಕಾದರೆ ಮಲಗಿಕೊಂಡೇ ಹೋಗಬೇಕು. ಚಿತ್ರ ಒಟ್ಟು 24 ಇಂಚು 36 ಇಂಚು. ಚದರ ಇಂಚಿನ ರೇಟಿನಲ್ಲಿ ಇವಳಿಗೆ ನಾನು ಎಷ್ಟು ಕೊಟ್ಟಿದ್ದೇನೆ ಅಂತಲೂ ಲೆಕ್ಕ ಹಾಕಿದೆ. ಹೆಂಡತಿಗೆ ಹೇಳಲಿಲ್ಲ. ಹೆಂಡತಿ ಅವಳೇ ಲೆಕ್ಕ ಹಾಕಿದ್ದಳು.

ಸ್ಕೇಲ್ ಹಿಡಿದು ಹತ್ತಿರ ಹೋದದ್ದಕ್ಕೆ ಇನ್ನೊಂದು ಕಂಡಿತು. ಜಗಲಿಯ ಮೊದಲ ಕಂಬದಲ್ಲಿ ಎದೆಯ ಎತ್ತರಕ್ಕೆ ಒಂದು ಕಪ್ಪು ಮಿರುಗು. ಹತ್ತಿಳಿಯುವಾಗ ಎಲ್ಲರೂ ಕೈ ಇಟ್ಟು ಇಟ್ಟು ಎಣ್ಣೆ ಹಿಡಿದ ಜಾಗ ಅದು. ಫೋಟೋದಲ್ಲಿ ಆ ಕಂಬದ ಎದುರು ಮೂರು ಜನ ನಿಂತಿದ್ದಾರೆ. ಗ್ರೂಪಿನಲ್ಲಿ ಅಷ್ಟು ಮಾತಾದರೂ ನಮಗೆ ಯಾರಿಗೂ ಅದು ನೆನಪಾಗಿರಲಿಲ್ಲ. ಮಳೆ ಬಂದರೆ ಬಸ್ಸಿಗೆ ಕಾಯುವವರೆಲ್ಲ ನಮ್ಮ ಜಗಲಿಗೆ ಹತ್ತುತ್ತಿದ್ದರು. ಮಾಷ್ಟ್ರೂ ಹತ್ತಿರಬೇಕು. ಸ್ವಲ್ಪ ಹೊತ್ತು ನಾನು ಸುಮ್ನೆ ಆ ಕಂಬವನ್ನೇ ನೋಡುತ್ತಾ ಕೂತೆ. ಅಲ್ಲಿಗೂ ಅವಳ ಕೊಡಪಾನದ ನೆರಳು ಬಿದ್ದಿದೆ.

ಇವತ್ತು ಬೆಳಿಗ್ಗೆ ಅತ್ತೆ ಬಂದರು, ಅಪ್ಪನ ಅಕ್ಕ. ಚಿತ್ರದ ಎದುರು ನಿಂತು ಕನ್ನಡಕ ಒರೆಸಿ ನೋಡಿದರು.

"ಇದು ನಾನಲ್ವಾ!"

ಬೇಸಿಗೆಯಲ್ಲಿ ಬಾವಿ ಬತ್ತಿದಾಗ ರಸ್ತೆಯಾಚೆಯ ಮನೆಯಿಂದ ಅವರೇ ನೀರು ತರುತ್ತಿದ್ದರಂತೆ. ಆಗ ರಸ್ತೆಯಲ್ಲಿ ಗಂಟೆಗೆ ಒಂದು ಬಸ್ಸು ಬಂದರೆ ಹೆಚ್ಚು. "ನೀನು ಹುಟ್ಟಿರಲಿಲ್ಲ, ನಿನಗೇನು ಗೊತ್ತು?" ಅಂದರು. ನಮ್ಮ ಬಾವಿ ಬತ್ತಿದ್ದೇ ಇಲ್ಲ ಅಂತ ಅಪ್ಪ ಒಳಗಿನಿಂದ ಕೂಗಿದರು. ದೊಡ್ಡಪ್ಪನಿಗೆ ಫೋನ್ ಹೋಯಿತು. ಈ ಸಲ ಅವರು ಅತ್ತೆಯ ಪಕ್ಷ.

ಈಗ ಅವಳನ್ನು ಅಳಿಸುವ ಮಾತು ಎತ್ತುವ ಹಾಗಿಲ್ಲ. ವಾರ್ನಿಷ್ ಹಾಕಲು ಇನ್ನೂ ಆರು ತಿಂಗಳು ಕಾಯಬೇಕು, ಅಷ್ಟರವರೆಗೆ ಏನು ಬೇಕಾದರೂ ತಿದ್ದಬಹುದು ಅಂತ ಮಾಷ್ಟ್ರು ಹೇಳಿದ್ದನ್ನು ನನ್ನ ಹೆಂಡತಿ ಅತ್ತೆಗೆ ಹೇಳಿಬಿಟ್ಟಳು. ಕೆಂಪು ಸೀರೆ ಆಗದಂತೆ, ಹಸಿರು ಬೇಕಂತೆ. ಕೊಡಪಾನ ತಾಮ್ರದ್ದು, ಅದು ಹೊಳೆಯಬೇಕಂತೆ. ಪಕ್ಕದಲ್ಲಿ ಅವರ ನಾಯಿಯೂ ಇತ್ತಂತೆ.

ಮಾಷ್ಟ್ರಿಗೆ ಹೇಳಿದೆ. ಖುಷಿಯಾದರು. ಸೀರೆಗೆ ಏನೂ ಇಲ್ಲವಂತೆ, ನಾಯಿಗೆ ಚದರ ಇಂಚಿನ ಲೆಕ್ಕವೇ ಅಂತೆ. ಬಾಲ ಸೇರಿ.